ಖಾಲಿ ಇದ್ದ ಮಹಡಿ ಮನೆ

ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಹೊನ್ನಾಳಿಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ, ಮಹಡಿಯನ್ನು ಬಾಡಿಗೆಗೆ ಇಟ್ಟಿದ್ದೆ. ಕೇಳಿಕೊಂಡು ಮೊದಲು ಬಂದವಳು ನನ್ನ ಹಳೆಯ ವಿದ್ಯಾರ್ಥಿನಿ. ಸೂರಗೊಂಡನಕೊಪ್ಪದ ಹತ್ತಿರದ ಲಂಬಾಣಿ ತಾಂಡಾದಿಂದ ನಡೆದು ಶಾಲೆಗೆ ಬರುತ್ತಿದ್ದವಳು ಈಗ ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್. ಅವಳಿಗೆ ಮನೆ ಹಿಡಿಸಿತು. ನಾನೂ ಸಂತೋಷದಿಂದ ಒಪ್ಪಿದೆ.

ಅಂದು ಸಂಜೆ ಪಕ್ಕದ ಮನೆಯವರು ಬಂದರು. “ಮೇಷ್ಟ್ರೇ, ತಾಂಡಾದೋರಿಗೆ ಮನೆ ಕೊಟ್ರೆ ನಾಳೆ ಇಲ್ಲಿ ಸೈಟಿಗೆ ರೇಟು ಬರಲ್ಲ. ನಮ್ದೂ ಒಂದು ಮಾರಾಕೆ ಐತೆ, ನೋಡ್ರಿ” ಎಂದರು. ಅವರೊಡನೆ ವಾದಿಸುವ ಧೈರ್ಯ ನನಗೆ ಬರಲಿಲ್ಲ.

ಮರುದಿನ ಮುಂಗಡ ಕೊಡಲು ಬಂದ ಅವಳಿಗೆ, ನೆಂಟರು ಬರುತ್ತಿದ್ದಾರೆಂದು ಸುಳ್ಳು ಹೇಳಿದೆ. ಅವಳು ಗೇಟಿನ ಕಡೆ ನೋಡಿ, “ಹಂಗಾದ್ರೆ ಆ ಬಾಡಿಗೆ ಬೋರ್ಡು ತೆಗೀರಿ ಸಾರ್. ಇನ್ಯಾರಾದ್ರೂ ಆಸೆಯಿಂದ ಕೇಳಾಕೆ ಬರ್ತಾರೆ” ಎಂದಳು.

ಈಗ ಅವಳು ಊರಾಚೆ, ತನ್ನ ಜನವೇ ಇರುವ ಓಣಿಯಲ್ಲಿದ್ದಾಳೆ. ನಮ್ಮ ಬೀದಿಯಲ್ಲಿ ಎಲ್ಲರೂ ಒಂದೇ ಜಾತಿಯವರು. ಆಸ್ಪತ್ರೆಯಲ್ಲಿ ನನ್ನ ಬಿಪಿ ನೋಡುವಾಗ ಅವಳು ಮೊದಲಿನಂತೆಯೇ ಮಾತಾಡಿಸುತ್ತಾಳೆ. ಕ್ಷಮೆ ಕೇಳಬೇಕೆಂದೇ ಹೋಗಿ, ಮಾತ್ರೆ ಚೀಟಿ ಹಿಡಿದು ಮೂರು ಸಲ ಹಾಗೇ ವಾಪಸು ಬಂದಿದ್ದೇನೆ.