ಹೊಟ್ಟ್ಯಾಗಿನ ನಗು

ಈಗ ನಾನು ನಕ್ಕರೆ ಓಣಿಯ ತುದಿಯವರೆಗೂ ಕೇಳುತ್ತದೆ. ಇಷ್ಟು ವಯಸ್ಸಾದವಳಿಗೆ ಇದು ಶೋಭೆಯಲ್ಲ ಎನ್ನುವವರಿದ್ದಾರೆ. ಶೋಭೆ ಅವರ ಮನೆಯಲ್ಲಿಯೇ ಇರಲಿ. ನಮ್ಮ ಮನೆಗೆ ಈ ಸಪ್ಪಳ ಬರಬೇಕಾದರೆ ಏನೇನಾಯಿತು ಎಂದು ಅವರಿಗೆ ಗೊತ್ತಿಲ್ಲ.

ನಾನು ಚಿಕ್ಕವಳಿದ್ದಾಗ ನಮ್ಮ ಹೆಂಗಸರು ನಗುತ್ತಿದ್ದರು, ದನಿ ಮಾತ್ರ ಇರುತ್ತಿರಲಿಲ್ಲ. ಆಯಿಗೆ, ಅಂದರೆ ಅಪ್ಪನ ತಾಯಿಗೆ, ನಗು ಬಂದರೆ ಮೊದಲು ಕೈ ಸೆರಗನ್ನೆಳೆದು ಬಾಯಿ ಮುಚ್ಚುತ್ತಿತ್ತು. ಆಮೇಲೆ ಭುಜಗಳು ಕುಲುಕುತ್ತಿದ್ದವು, ಕಣ್ಣಲ್ಲಿ ನೀರು ಬರುತ್ತಿತ್ತು. ಗೊತ್ತಿಲ್ಲದವರು ನೋಡಿದರೆ ಮುದುಕಿ ಯಾರಿಗೋ ಅಳುತ್ತಿದ್ದಾಳೆ ಎಂದುಕೊಳ್ಳಬೇಕು. ಸೊಸೆಯಾಗಿ ಬಂದ ಅವ್ವನೂ ಹಾಗೆಯೇ ನಗುವುದನ್ನು ಕಲಿತಿದ್ದಳು. ಆಯಿ ಇದನ್ನು 'ಹೊಟ್ಟ್ಯಾಗ ನಗೂದು' ಎನ್ನುತ್ತಿದ್ದಳು. ಒಳ್ಳೆಯ ಮನೆತನದ ಲಕ್ಷಣ ಅದು ಎಂದು ನಾನು ಬಹಳ ದಿನ ನಂಬಿದ್ದೆ.

ಐವತ್ತರ ದಶಕದ ಕೊನೆಗೆ ಅಪ್ಪನಿಗೆ ಧಾರವಾಡದಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಹೆಬ್ಬಳ್ಳಿಯ ಆಚೆಯ ಒಂದು ಹಳ್ಳಿಯಲ್ಲಿ, ಊರ ಹೊರಗಿನ ಕೇರಿಯಲ್ಲಿದ್ದ ನಾವು ಸರಕಾರಿ ಕ್ವಾರ್ಟರ್ಸಿಗೆ ಬಂದೆವು. ಹಳೆಯ ದೇವರುಗಳು ಹಳ್ಳಿಯಲ್ಲೇ ಉಳಿದವು, ಇಲ್ಲಿನ ಗೋಡೆಗೆ ಅಪ್ಪ ಬುದ್ಧನ ಪಟ ಹಾಕಿದ. ತಂಗಿ ಹುಟ್ಟಿದ್ದು ಈ ಮನೆಯಲ್ಲಿ. ಅವಳ ನಗು ನಮ್ಮ ಯಾರದ್ದೂ ಅಲ್ಲ. ಬಾಯಿ ಅಗಲಿಸಿ, ಕಿರುನಾಲಿಗೆ ಕಾಣುವ ಹಾಗೆ ಕೇಕೆ ಹಾಕಿ ನಗುತ್ತಿದ್ದಳು. ಆಯಿ ಅವಳ ತೊಡೆ ಚಿವುಟುತ್ತಿದ್ದಳು. "ಹೊಟ್ಟ್ಯಾಗ ನಗ, ಹುಡುಗಿ! ಹೊಟ್ಟ್ಯಾಗ!" ತಂಗಿ ತನ್ನ ಹೊಟ್ಟೆ ನೋಡಿಕೊಂಡು ಇನ್ನೂ ಜೋರಾಗಿ ನಗುತ್ತಿದ್ದಳು. ಆದರೆ ಚಿವುಟುವ ಕೈಗೆ ಬೇಸರವಿರಲಿಲ್ಲ. ಇವತ್ತಲ್ಲ ನಾಳೆ ಅವಳೂ ನಮ್ಮ ಸಾಲಿಗೆ ಸೇರುತ್ತಾಳೆ ಎಂದು ನನಗೆ ಅನಿಸುತ್ತಿತ್ತು.

ನನ್ನ ಶಾಲೆಯಲ್ಲಿ ವಾರಕ್ಕೊಮ್ಮೆ ಹಾಡಿನ ತರಗತಿ. ಕಲಿಸುವ ಹೆಂಗಸರನ್ನು ನಾವು ಬಾಯಾರು ಎನ್ನುತ್ತಿದ್ದೆವು. ಹಾಡಿನ ಬಾಯಾರಿಗೆ ನನ್ನ ಬಾಯಿಯೇ ದೊಡ್ಡ ಸಮಸ್ಯೆಯಾಯಿತು. ಆಕಾರ ಹಾಡಬೇಕೆಂದರೆ ಪೂರ್ತಿ ಬಾಯಿ ತೆರೆದು 'ಆ' ಎನ್ನಬೇಕು. ನಾನು ತೆರೆದ ಕೂಡಲೇ ಕೈ ತಾನಾಗಿಯೇ ಮೇಲೆ ಬಂದು ಬಾಯಿ ಮುಚ್ಚುತ್ತಿತ್ತು. ಬಾಯಾರು ಬಂದು ಕೈ ಇಳಿಸಿದರು. ಮತ್ತೆ 'ಆ' ಎಂದೆ, ಮತ್ತೆ ಕೈ ಬಂತು. ಹುಡುಗಿಯರು ಗೊಳ್ಳೆಂದು ನಕ್ಕರು. ಬಾಯಾರು ನಗಲಿಲ್ಲ.

"ಇದೇನ ಇದು? ಯಾರ ಕಲಿಸ್ಯಾರ ನಿನಗ?" ಎಂದು ಕೇಳಿದರು.

ನನಗೆ ಸಿಟ್ಟು ಬಂತು. ಅವರ ಮೇಲಲ್ಲ, ಆ ಹುಡುಗಿಯರ ಮೇಲೂ ಅಲ್ಲ. ನನ್ನದೇ ಕೈ ನನ್ನ ಮಾತು ಕೇಳುತ್ತಿಲ್ಲವಲ್ಲ ಎಂದು.

ಮನೆಗೆ ಬಂದಾಗ ಆಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪಾಟಿಚೀಲ ಮೂಲೆಗೆ ಒಗೆದು ನೇರವಾಗಿ ಕೇಳಿದೆ. "ಆಯಿ, ಹೊಟ್ಟ್ಯಾಗ ಯಾಕ ನಗಬೇಕಬೇ?" ಅವಳು ರೊಟ್ಟಿ ತಿರುವಿ ಹಾಕಿದಳು. ನಾನು ಒಲೆಯ ಬಳಿ ಕೂತೆ, ಏಳಲಿಲ್ಲ. ಕಡೆಗೆ ಅವಳೇ ಹೇಳಿದಳು.

ಅವಳು ತಂಗಿಯಷ್ಟಿದ್ದಾಗ ತಾಯಿಯ ಜೊತೆ ಊರ ಗೌಡನ ಕಣಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ದಿನ ಕೋಳಿಯೊಂದು ಜೋಳದ ರಾಶಿಯಲ್ಲಿ ಜಾರಿ ಬಿತ್ತು. ತಾಯಿ ಮಗಳು ಇಬ್ಬರೂ ನಕ್ಕರು. ಅದೇ ಹೊತ್ತಿಗೆ ಹಿಂದಿನಿಂದ ಗೌಡ ಬರುತ್ತಿದ್ದ, ರುಮಾಲು ಸ್ವಲ್ಪ ಸಡಿಲಾಗಿತ್ತು. ತಾಯಿ ತನ್ನನ್ನೇ ನೋಡಿ ನಕ್ಕಳು ಎಂದುಕೊಂಡ. ಕೋಳಿ ಎಂದು ಹೇಳಿದರೆ ಕೇಳುವವರ್ಯಾರು? ಆಳುಗಳಿಗೆ ಹೇಳಿ ತಾಯಿಯ ಬಾಯಿಗೆ ಕಣದ ಮಣ್ಣು ತುಂಬಿಸಿದ.

"ನನಗ ಇನ್ನೂ ನಗು ನಿಂತಿರಲಿಲ್ಲ," ಎಂದಳು ಆಯಿ. "ನಮ್ಮವ್ವ ಬಾಯಾಗ ಮಣ್ಣ ಇಟಗೊಂಡ ನನ್ನ ಬಾಯಿ ಮುಚ್ಚಿದ್ಲು. ಗಟ್ಟಿ ಮುಚ್ಚಿದ್ಲು. ಆ ಕೈ ಇನ್ನೂ ತಗದಿಲ್ಲವ್ವ."

ಮುತ್ತಜ್ಜಿಯನ್ನು ನಾನು ನೋಡಿಯೇ ಇಲ್ಲ. ಆದರೆ ಶಾಲೆಯಲ್ಲಿ ನನ್ನ ಬಾಯಿಗೆ ಬಂದ ಕೈ ಯಾರದೆಂದು ಆಗ ಗೊತ್ತಾಯಿತು. ಮಗಳನ್ನು ಉಳಿಸಿಕೊಳ್ಳಲು ಅಡ್ಡ ಇಟ್ಟ ಕೈ ಅದು. ಅದರ ಮೇಲೆ ಸಿಟ್ಟು ಮಾಡುವುದು ಹೇಗೆ? ಆಯಿಯ ಚಿವುಟುವಿಕೆಯ ಮೇಲೂ ನನಗೆ ಸಿಟ್ಟು ಉಳಿಯಲಿಲ್ಲ. ಉಳಿದದ್ದೆಲ್ಲ ಗೌಡನ ಪಾಲಿಗೆ ಹೋಯಿತು. ಅವನು ಸತ್ತು ಎಷ್ಟೋ ಕಾಲವಾಗಿತ್ತು, ಆದರೂ ನಮ್ಮ ಅಡಿಗೆಮನೆಯಲ್ಲಿ ಅವನದೇ ಕಾರುಬಾರು ನಡೆದಿತ್ತು. ಇದನ್ನು ನಡೆಯಗೊಡಬಾರದು ಎಂದುಕೊಂಡೆ. ನನ್ನ ನಗು ಹೋದರೆ ಹೋಗಲಿ, ತಂಗಿಯದನ್ನು ಬಿಡುವುದಿಲ್ಲ.

ಆ ಮಳೆಗಾಲದಲ್ಲೇ ಈ ಹಟಕ್ಕೆ ಪರೀಕ್ಷೆ ಬಂತು. ಜಿಟಿಜಿಟಿ ಮಳೆ ಹಿಡಿದು ಕ್ವಾರ್ಟರ್ಸಿನ ದಾರಿಯೆಲ್ಲ ರಾಡಿಯಾಗಿತ್ತು. ಅಪ್ಪನ ಕಚೇರಿಯ ಹಿರಿಯ ಸಾಹೇಬರು ನಮ್ಮ ಮನೆಯ ಮುಂದೆ ಸೈಕಲ್ಲಿನಿಂದ ಜಾರಿ ಬಿದ್ದರು. ಛತ್ರಿ ಒಂದು ಕಡೆ, ಟೊಪ್ಪಿಗೆ ಒಂದು ಕಡೆ. ಕಟ್ಟೆಯ ಮೇಲಿದ್ದ ತಂಗಿ ಕೇಕೆ ಹಾಕಿದಳು. ಸಾಹೇಬರು ಎದ್ದು, ಧೋತರದ ರಾಡಿ ಝಾಡಿಸುತ್ತ ಗುರಾಯಿಸಿದರು. "ಯಾರ ಮಗಳ ಇದು?"

ಆಯಿ ಒಳಗಿನಿಂದ ಓಡಿ ಬಂದು ತಂಗಿಯ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿದಳು. "ತಪ್ಪಾತ್ರಿ ಯಪ್ಪಾ! ಸಣ್ಣ ಕೂಸು, ಹೊಟ್ಟ್ಯಾಗ ಹಾಕ್ಕೋರಿ!"

ನಗುವನ್ನು ಹೊಟ್ಟೆಯೊಳಗೆ ಇಟ್ಟುಕೊಂಡವರು ನಾವು, ಹೊಟ್ಟೆಗೆ ಹಾಕಿಕೊಳ್ಳಿ ಎಂದು ಬೇಡುವವರೂ ನಾವೇ. ತಂಗಿಯ ಕಣ್ಣುಗಳು ಹೆದರಿಕೆಯಿಂದ ಅಗಲವಾಗಿದ್ದವು. ಅವಳು ಹೆದರಿದ್ದು ಸಾಹೇಬರಿಗಲ್ಲ, ಆಯಿಯ ಕೈಯ ಬಿಗಿತಕ್ಕೆ. ನಾನು ಹೋಗಿ ಆ ಕೈಯನ್ನು ಬಿಡಿಸಿದೆ. ಎಳೆದರೆ ಬರಲಿಲ್ಲ, ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

"ಬಿದ್ರ ನಗು ಬರತೈತ್ರಿ ಸಾಹೇಬ್ರ," ಎಂದೆ. "ಪೆಟ್ಟ ಹತ್ತಿದ್ರ ಒಳಗ ಬರ್ರಿ, ಅರಿಷಿಣ ಹಚ್ಚೂಣು. ನಗೂದಕ್ಕ ಮಾತ್ರ ತಪ್ಪಾತು ಅನ್ನೂದಿಲ್ಲ."

ಸಾಹೇಬರು ನನ್ನನ್ನು ನೋಡಿದರು. ಏನೋ ಗೊಣಗಿ, ಸೈಕಲ್ಲು ತಳ್ಳಿಕೊಂಡು ಹೋದರು. ಅಷ್ಟೇ.

ಆ 'ಅಷ್ಟೇ' ಎನ್ನುವುದು ಆಯಿಗೆ ನಂಬಲು ಬರಲಿಲ್ಲ. ಸಂಜೆಯವರೆಗೂ ಬಾಗಿಲ ಬಳಿ ಕೂತು ದಾರಿ ಕಾದಳು, ಯಾರೋ ಬರುತ್ತಾರೆ ಎಂದು. ಅಪ್ಪ ಎಂದಿನಂತೆ ಬಂದು ಚಹಾ ಕೇಳಿದ. ವಿಷಯ ತಿಳಿದಾಗ ಅವನ ಮುಖವೂ ಬಿಳಿಚಿತು, ಆದರೆ ನನ್ನನ್ನು ಬಯ್ಯಲಿಲ್ಲ. ಆಯಿ ಮಾತ್ರ ಬುದ್ಧನ ಪಟದ ಕಡೆ ಕೈ ಮಾಡಿದಳು.

"ಅಲ್ಲಿ ನೋಡ. ಅಂಥಾ ದೊಡ್ಡಾಂವ ಸೈತ ಸಪ್ಪಳ ಮಾಡದ ನಗತಾನ."

"ಅಂವಾ ತನ್ನ ಖುಷಿಗೆ ಬಾಯಿ ಮುಚ್ಚ್ಯಾನಬೇ ಆಯಿ," ಎಂದೆ. "ಅಂವನ ಬಾಯಾಗ ಯಾರೂ ಮಣ್ಣ ತುಂಬಿಲ್ಲ."

ಆಯಿ ಪಟವನ್ನು ಬಹಳ ಹೊತ್ತು ನೋಡಿದಳು. ಮರುದಿನವೂ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಚಿವುಟುವುದು ನಿಂತಿತು.

ಮಳೆ ಬಿಟ್ಟ ಮೇಲೆ ಒಂದು ಮಧ್ಯಾಹ್ನ ತಂಗಿ ಅಪ್ಪನ ಟೊಪ್ಪಿಗೆ ಹಾಕಿಕೊಂಡು, ಕಸಬರಿಗೆಯನ್ನೇ ಸೈಕಲ್ಲು ಮಾಡಿ, ನಡುಮನೆಯಲ್ಲಿ ಸಾಹೇಬರು ಬಿದ್ದದ್ದನ್ನು ಮಾಡಿ ತೋರಿಸಿದಳು. ಆಯಿಯ ಭುಜಗಳು ಕುಲುಕಿದವು. ಕೈ ಮೇಲೆದ್ದಿತು, ಗದ್ದದ ತನಕ ಬಂದು ಅಲ್ಲೇ ನಿಂತಿತು. ಒಳಗಿನಿಂದ ಒಂದು ದನಿ ಬಂತು. ಕೆಮ್ಮೋ ನಗುವೋ ತಿಳಿಯದ, ಎಣ್ಣೆ ಕಾಣದ ಬಾವಿ ಗಡಗಡಿಯಂಥ ಒರಟು ದನಿ. ಅದನ್ನು ಕೇಳಿ ಆಯಿಯೇ ಬೆಚ್ಚಿದಳು. ಅವ್ವ ಎದ್ದು ಓಡಿ, ಓಣಿಗೆ ಕೇಳದ ಹಾಗೆ ಬಾಗಿಲು ಹಾಕಿದಳು.

ಆಯಿ ಕಣ್ಣು ಒರೆಸಿಕೊಂಡು ಅವ್ವನ ಕಡೆ ನೋಡಿದಳು.

"ಬಾಗಲಾ ಯಾಕ ಹಾಕ್ದಿ?" ಎಂದಳು. "ತಗಿ. ಕೇಳ್ಲಿ."