ಟಿ.ವಿ.ಯಲ್ಲಿ ಹುಳು ತೋರಿಸುವ ಧನಲಕ್ಷ್ಮಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ವಿರೂಪಾಕ್ಷಿಪುರದ ದೊಡ್ಡಲಕ್ಷ್ಮಮ್ಮನವರ ಹುಳು ಮನೆಯ ಬಾಗಿಲಲ್ಲಿ ಧನಲಕ್ಷ್ಮಿ ಚಪ್ಪಲಿ ಬಿಟ್ಟು, ಕಾಲು ತೊಳೆದು, ಸುಣ್ಣದ ಪುಡಿ ಮೆಟ್ಟಿ ಒಳಗೆ ಹೋಗುತ್ತಾರೆ. ಕೈಯಲ್ಲಿ ಒಂದು ಟ್ಯಾಬ್. ರೇಷ್ಮೆ ಹುಳು ಸಾಕುವ ಮನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲವಾದ್ದರಿಂದ ನಾನು ಜಗಲಿಯಲ್ಲೇ ನಿಲ್ಲುತ್ತೇನೆ. ಐದು ನಿಮಿಷದಲ್ಲಿ ಅವರು ವಿಡಿಯೊ ತೆಗೆದುಕೊಂಡು ಹೊರಬಂದು ಎದುರಿನ ವಾಸದ ಮನೆಗೆ ನಡೆಯುತ್ತಾರೆ. ಮೊದಲು ಬೀದಿ ಬಾಗಿಲು ಹಾಕುತ್ತಾರೆ. ಆಮೇಲೆ ಚೀಲದಿಂದ ಒಂದು ಪುಟ್ಟ ಅಡಾಪ್ಟರ್, ಒಂದು ಕಪ್ಪು ಎಚ್‌ಡಿಎಂಐ ವೈರು. ಒಂದು ತುದಿ ಟ್ಯಾಬಿಗೆ, ಇನ್ನೊಂದು ಟಿ.ವಿ.ಯ ಬೆನ್ನಿಗೆ. ರಿಮೋಟಿನಲ್ಲಿ ‘ಸೋರ್ಸ್’ ಒತ್ತಿದರೆ ಪರದೆ ತುಂಬ ತೋಳು ದಪ್ಪದ ಬಿಳಿ ಹುಳುಗಳು.

“ನೋಡಿ ದೊಡ್ಡಮ್ಮ. ಎದ್ದವಾ?” ಎಂದು ಕೇಳಿ ಪಕ್ಕಕ್ಕೆ ಸರಿಯುತ್ತಾರೆ.

ಗೊತ್ತಿಲ್ಲದವರಿಗಾಗಿ ಒಂದು ಮಾತು. ರೇಷ್ಮೆ ಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ಇಲ್ಲಿ ಅದನ್ನು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿ ಅಲುಗಾಡದೆ ಇರುತ್ತದೆ, ಏನೂ ತಿನ್ನುವುದಿಲ್ಲ. ಪೊರೆ ಬಿಟ್ಟು ಎದ್ದ ಹುಳುವಿನ ತಲೆ ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ. ಹೆಚ್ಚುಕಡಿಮೆ ಎಲ್ಲವೂ ಎದ್ದ ಮೇಲೆಯೇ ಹಿಪ್ಪುನೇರಳೆ ಸೊಪ್ಪು ಹಾಕಬೇಕು. ಅವಸರಪಟ್ಟರೆ ಎದ್ದವು ತಿಂದು ಮುಂದಾಗುತ್ತವೆ, ಉಳಿದವು ಹಿಂದೆ ಬೀಳುತ್ತವೆ, ಬೆಳೆ ಕೆಡುತ್ತದೆ. (ಇದನ್ನು ಸರಿಯಾಗಿ ಬರೆದಿದ್ದೇನೆಯೇ ಎಂದು ಧನಲಕ್ಷ್ಮಿಯವರನ್ನು ಎರಡು ಸಲ ಕೇಳಿಕೊಂಡೆ.) ಇವತ್ತಿನದು ನಾಲ್ಕನೆಯ, ಕೊನೆಯ ಜ್ವರ.

ದೊಡ್ಡಲಕ್ಷ್ಮಮ್ಮನಿಗೆ ಅರವತ್ತಾರು. ನಲವತ್ತು ವರ್ಷ ಹುಳು ಸಾಕಿದವರು. ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದು ಬಾಕಿ ಇದೆ. ಹೋದ ಬೆಳೆಯಲ್ಲಿ ಮಗ ಲೋಕೇಶ್ ನೋಡಿ, ಎದ್ದಿವೆ ಎಂದು ಸೊಪ್ಪು ಹಾಕಿದರು. ಅರ್ಧಕ್ಕರ್ಧ ಹುಳು ಹೋಯಿತು. ಈ ಸಲವೂ ಹಾಗಾದರೆ ಹುಳು ಮನೆ ಮುಚ್ಚಿ ಸೊಪ್ಪು ಮಾರಿಕೊಳ್ಳುವುದು ಎಂದು ಅವರು ತೀರ್ಮಾನಿಸಿದ್ದಾರೆ. “ಅವ್ವಂಗೆ ಕಾಣಕ್ಕಿಲ್ಲ, ನಂಗೆ ಗೊತ್ತಾಗಕ್ಕಿಲ್ಲ. ಇಬ್ರೂ ಸೇರಿ ಹುಳಿನ ಪ್ರಾಣ ಯಾಕ್ ತೆಗೀಬೇಕು?” ಎನ್ನುತ್ತಾರೆ.

ಮೂವತ್ತೆಂಟರ ಧನಲಕ್ಷ್ಮಿ ಓದಿದ್ದು ಎಸ್ಸೆಸ್ಸೆಲ್ಸಿ. ಹನ್ನೊಂದು ವರ್ಷ ರಾಮನಗರದಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕೆಲಸ. ದಿನವಿಡೀ ಬಿಸಿನೀರಿನಲ್ಲಿ ಕೈ. ಬೆರಳ ಸಂದುಗಳಲ್ಲಿ ಅದರ ಕಲೆ ಇನ್ನೂ ಇದೆ. ಈಗ ಐದು ವರ್ಷದಿಂದ ಮರಿಹುಳು ಸಾಕಿ ರೈತರಿಗೆ ಕೊಡುವ ಚಾಕಿ ಕೇಂದ್ರವೊಂದರಲ್ಲಿದ್ದಾರೆ. ಹುಳು ಕೊಂಡೊಯ್ದವರ ಮನೆಗೆ ಹೋಗಿ ನೋಡಿಬರುವುದು ಕೆಲಸ. ಒಂಬತ್ತು ಊರು, ದಿನಕ್ಕೆ ಐದಾರು ಮನೆ, ಸ್ಕೂಟರಿನಲ್ಲಿ ಮೂವತ್ತು ಕಿಲೋಮೀಟರು. ಕೇಂದ್ರದವರು ಟ್ಯಾಬ್ ಕೊಟ್ಟದ್ದು ಫೋಟೊ ತೆಗೆದು ಕಳಿಸಲಿಕ್ಕೆ. ಟಿ.ವಿ.ಗೆ ಹಾಕು ಎಂದು ಯಾರೂ ಹೇಳಿರಲಿಲ್ಲ.

“ಟ್ಯಾಬಲ್ಲಿ ತೋರ್ಸಿದ್ರೆ ಎಲ್ರೂ ಕನ್ನಡಕ ಹುಡುಕೋರು ಸಾರ್. ಟಿ.ವಿ. ಎಲ್ರ ಮನೇಲೂ ಐತಲ್ಲ, ಅದಕ್ಕೇ ಹಾಕಾನ ಅಂದ್ಕಂಡೆ. ಮೊದ್ಲು ನನ್ ಫೋನಿಗೆ ಹಾಕ್ದೆ, ಬರ್ಲೇ ಇಲ್ಲ. ತೂತು ಒಂದೇ ಥರ ಐತೆ ಅಂತ ನಂಬ್ಬುಟ್ಟಿದ್ದೆ. ಚಾರ್ಜ್ ಆಗೋದೇ ಬೇರೆ, ಚಿತ್ರ ಕಳ್ಸೋದೇ ಬೇರೆ. ಈ ಟ್ಯಾಬು ಕಳ್ಸುತ್ತೆ, ಪುಣ್ಯ.”

ಹೋದ ವರ್ಷ ಒಂದು ಎಡವಟ್ಟಾಯಿತು. ವೈರಿಲ್ಲದೆಯೂ ಚಿತ್ರ ಕಳಿಸಬಹುದೆಂದು ಕಲಿತ ಹೊಸತು. ಇದೇ ಮನೆಯ ಹುಳು ಮನೆಯೊಳಗೆ ನಿಂತು ಟ್ಯಾಬ್ ಒತ್ತಿದರು. ಪಟ್ಟಿಯಲ್ಲಿ ಒಂದೇ ಕಂಪನಿಯ ಎರಡು ಟಿ.ವಿ.ಗಳ ಹೆಸರು ಬಂತು. ಮೊದಲಿನದನ್ನು ಆರಿಸಿದರು. ಅದು ಪಕ್ಕದ ಮನೆಯ ಹುಚ್ಚಯ್ಯನವರದು. ಅವರ ಪರದೆಯ ಮೇಲೆ ಏನೋ ಒಪ್ಪಿಗೆ ಕೇಳಿತು, ಹುಚ್ಚಯ್ಯ ಓಕೆ ಒತ್ತಿದರು. ಸೀರಿಯಲ್ ಹೋಗಿ ಹುಳು ಬಂತು. ಹುಚ್ಚಯ್ಯ ಬೀದಿಗೆ ಬಂದು ಕೂಗಿದರು: “ಲಕ್ಷ್ಮಮ್ಮಕ್ಕಾ, ನಿನ್ ಹುಳ ನಮ್ ಮನೇಗ್ ಬಂದ್ಬುಟ್ಟವೆ ಕಣಕ್ಕಾ! ಸೊಪ್ಪು ಕಳ್ಸು!”

ಬೀದಿ ನಕ್ಕಿತು, ದೊಡ್ಡಲಕ್ಷ್ಮಮ್ಮ ನಗಲಿಲ್ಲ. ಬೆಳೆಯುವ ಹುಳುವನ್ನು ಹೊರಗಿನವರ ಕಣ್ಣಿಗೆ ಬೀಳಿಸುವುದಿಲ್ಲ, ದೃಷ್ಟಿಯಾಗುತ್ತದೆ. (ನನಗೆ ಪರದೆ ನೋಡಲು ಬಿಟ್ಟದ್ದೂ ಧನಲಕ್ಷ್ಮಿ ಮೊದಲೇ ಕೇಳಿ ಒಪ್ಪಿಸಿದ್ದರಿಂದ.) ಅವರು ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದರು. ಎರಡು ಬೆಳೆ ಮುಗಿಯುವವರೆಗೆ ಧನಲಕ್ಷ್ಮಿಯನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಅದರಲ್ಲಿ ಎರಡನೆಯದೇ ಕೆಟ್ಟ ಬೆಳೆ.

“ಅವ್ರ ಹುಳ ಅವ್ರ ಮಾನ. ನಾನು ಊರಿಗೆಲ್ಲಾ ತೋರ್ಸ್‌ಬುಟ್ಟೆ,” ಎನ್ನುತ್ತಾರೆ ಧನಲಕ್ಷ್ಮಿ. ಈ ಸಲ ದೊಡ್ಡಲಕ್ಷ್ಮಮ್ಮನೇ ಫೋನ್ ಮಾಡಿಸಿ ಕರೆದರಂತೆ: “ವೈರು ತಕ್ಕಂಡ್ ಬಾರಮ್ಮಿ. ಗಾಳೀಲಿ ಬುಡೋದ್ ಬ್ಯಾಡ.”

ಈಗ ಲೋಕೇಶ್ ಸೊಪ್ಪಿನ ಮಂಕರಿ ಹೊತ್ತು ಬಾಗಿಲಲ್ಲಿ ನಿಂತಿದ್ದಾರೆ. “ಎದ್ದವೆ ಕಣವ್ವ. ಹಾಕ್ಬುಡ್ಲಾ?”

ದೊಡ್ಡಲಕ್ಷ್ಮಮ್ಮ ಟಿ.ವಿ.ಯ ಹತ್ತಿರ ಹೋಗಿ ಒಂದೊಂದೇ ಹುಳುವಿನ ತಲೆಯ ಮೇಲೆ ಬೆರಳಿಡುತ್ತಾರೆ. “ಎಲ್ಲೆದ್ದವ್ಲಾ? ಇದರ ತಲೆ ನೋಡು, ಚಿಕ್ಕದೈತೆ. ಇದೂ ಅಂಗೇಯ. ನಿನ್ನಂಗೇ ಕಣ್ಲಾ, ಎದ್ದಂಗ್ ಕಾಣ್ತವೆ, ಎದ್ದಿಲ್ಲ. ಒಸಿ ತಡಿ.”

ಲೋಕೇಶ್ ನಗುತ್ತಾ ಮಂಕರಿ ಇಳಿಸಿ ಒದ್ದೆ ಗೋಣಿ ಹೊದಿಸುತ್ತಾರೆ. ಧನಲಕ್ಷ್ಮಿ ವೈರು ಸುತ್ತಿ ಚೀಲಕ್ಕೆ ಹಾಕುತ್ತಾರೆ. ಇನ್ನೂ ಎದ್ದಿಲ್ಲವೆಂದು ನಿಮಗೆ ಮೊದಲೇ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ ಎಂದು ಅವರನ್ನು ಮೆಲ್ಲಗೆ ಕೇಳುತ್ತೇನೆ. “ನಂದು ಐದು ವರ್ಸ, ಅವ್ರದು ನಲವತ್ತು. ನಾ ಯಾಕ್ ಬಾಯ್ ಹಾಕ್ಲಿ?”

ಹತ್ತೂವರೆಗೆ ಮತ್ತೆ ವಿಡಿಯೊ, ಮತ್ತೆ ವೈರು. ಪರದೆಯ ತುಂಬ ತಲೆಗಳು ಅಲುಗಾಡುತ್ತಿವೆ. ಅಜ್ಜಿ ಈ ಸಲ ಬೆರಳಿಡುವುದೂ ಇಲ್ಲ. “ಹಾಕು ಕಣ್ಲಾ ಈಗ.”

ಎರಡು ವಾರ ಕಳೆದು, ಬರೆಯುವ ಮುಂಚೆ ತಿಳಿದುಕೊಳ್ಳೋಣವೆಂದು ಫೋನ್ ಮಾಡುತ್ತೇನೆ. ಗೂಡು ಒಂದೇ ಸಮನಾಗಿ ಕಟ್ಟಿದೆ, ಲೋಕೇಶ್ ಮುಂದಿನ ಬೆಳೆಗೆ ಮರಿಹುಳು ಹೇಳಿಯೂ ಆಗಿದೆ. ನಿಮ್ಮಿಂದ ಆ ಹುಳು ಮನೆ ಉಳಿಯಿತು ಎಂದು ಬರೆಯಲೇ ಎಂದು ಧನಲಕ್ಷ್ಮಿಯವರನ್ನು ಕೇಳುತ್ತೇನೆ.

“ಅಂಗೆಲ್ಲಾ ಬರೀಬ್ಯಾಡಿ ಸಾರ್. ಹುಳ ನೋಡಿ ಹೇಳಿದ್ದು ದೊಡ್ಡಮ್ಮ. ನಾನು ಒಸಿ ದೊಡ್ಡದಾಗ್ ತೋರ್ಸ್ದೆ, ಅಷ್ಟೇಯ.”