ಬರ ದಾಟಿದ ಚಿಗರಿಗಳ ಮಾಸ್ತರರು

ಸೇತುಮಾಧವ ಮಾಸ್ತರರು ನನ್ನ ಹೋಟೆಲಿಗೆ ಬಂದರೆ ಮೊದಲು ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಡುತ್ತಿದ್ದರು. ಏಲಕ್ಕಿ ಇರಬೇಕೆಂದು ಮೊದಲ ಸಲ ನಾನೇ ಬಿಚ್ಚಿ ಮೂಸಿದೆ. ಚಿಗರಿಯ ಹಿಕ್ಕೆ!

“ಎಂಥದು ಮಾರಾಯ್ರೇ ಇದು, ಜನ ತಿನ್ನುವ ಜಾಗದಲ್ಲಿ!”

“ಹುಲ್ಲು ತಿಂದ ಹಿಕ್ಕಿರಿ ಮಾಲಕರ. ನಿಮ್ಮ ನಿನ್ನಿನ ವಡಾಕ್ಕಿಂತ ಸ್ವಚ್ಛ ಅದ” ಎಂದು ನಗದೆ ಹೇಳಿ, ಇಡ್ಲಿ ತರಿಸಿಕೊಂಡರು.

ಧಾರವಾಡದವರು. ಔರಂಗಾಬಾದಿನ, ಅಂದರೆ ಈಗಿನ ಸಂಭಾಜಿನಗರದ, ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಮಗಳು ಅಳಿಯ ಇದ್ದದ್ದು ನಾಸಿಕದ ಹತ್ತಿರ ಓಝರ್‌ನ ವಿಮಾನ ಕಾರ್ಖಾನೆಯ ಕಾಲೊನಿಯಲ್ಲಿ. ಮಗಳ ಮನೆಗೆಂದು ಬಸ್ಸು ಹತ್ತಿದವರು ದಾರಿಯಲ್ಲಿ ಯೇವಲಾದ ಬಯಲು ಬಂದೊಡನೆ ಇಳಿದುಬಿಡುವರು. ಅಲ್ಲೊಂದು ಕೃಷ್ಣಮೃಗಗಳ ಹಿಂಡಿತ್ತು. ಅವರ ಬಾಯಲ್ಲಿ ಅವು ಚಿಗರಿಗಳು. ಬಿಸಿಲೆಲ್ಲ ಅವುಗಳ ಹಿಂದೆ ಅಲೆದು, ಹುಬ್ಬಿನ ಮೇಲೂ ಧೂಳು ಹೊತ್ತು, ನಾಸಿಕದಲ್ಲಿ ನನ್ನೆದುರು ಕೂತು ಕನ್ನಡ ಮಾತಾಡಿ, ಆಮೇಲೆ ಮಗಳ ನೆನಪು ಮಾಡಿಕೊಳ್ಳುತ್ತಿದ್ದರು.

ಎಪ್ಪತ್ತರ ದಶಕದ ಆರಂಭದ ಆ ಬರ ಹಿಂಡನ್ನು ಗುಡಿಸಿಹಾಕಿತು. ಒಂದು ಗಂಡು, ಕೆಲವೇ ಹೆಣ್ಣುಗಳು ಉಳಿದವು. ಮಳೆ ಬಂತು, ಮರಿಗಳಾದವು, ನಾಲ್ಕಾರು ವರ್ಷಗಳಲ್ಲಿ ಬಯಲು ಮತ್ತೆ ತುಂಬಿತು. “ನಷ್ಟ ತುಂಬಿ ಬಂತಲ್ಲ, ಇನ್ನೇನು ಚಿಂತೆ?” ಎಂದೆ. ವ್ಯಾಪಾರ ಯಾವುದೇ ಇರಲಿ, ಸಲಹೆ ಕೊಡದೆ ನನಗೆ ಊಟ ಸೇರುವುದಿಲ್ಲ.

“ತಲಿ ತುಂಬ್ಯಾವರಿ, ಮನಿತನ ತುಂಬಿಲ್ಲ. ಎಲ್ಲಾ ಒಬ್ಬ ಅಪ್ಪನ ಮಕ್ಕಳು. ಬರ ಒಮ್ಮೆ ಕೊಂದು ಹೋಗ್ತದ. ಆದ್ರ ಉಳಿದವೆಲ್ಲಾ ಒಂದ ನಮೂನಿ ಆದ್ರ, ಮಳಿ ಬಂದ ಮ್ಯಾಲೂ ಅದು ಕೊಲ್ಲೂದು ಬಿಡಂಗಿಲ್ಲ.”

ನನಗೆ ತಿಳಿಯಲಿಲ್ಲ. ತಿಳಿದವನಂತೆ ತಲೆಯಾಡಿಸಿದೆ, ಗಲ್ಲಾದ ಮೇಲೆ ಕೂತವನಿಗೆ ಅದು ಅಭ್ಯಾಸ.

ತಿಳಿಸಿದ್ದು ನನ್ನ ಅಡುಗೆಮನೆ. ಕೆಲಸಕ್ಕೆ ನಮ್ಮೂರಿನವರನ್ನು ಬಿಟ್ಟು ಬೇರೆಯವರನ್ನು ಇಟ್ಟುಕೊಳ್ಳಬಾರದೆಂಬುದು ನನ್ನ ದೊಡ್ಡ ಸೂತ್ರ. ಮಾಲೇಗಾಂವ್‌ವರೆಗಿನ ಹೋಟೆಲಿನವರಿಗೆಲ್ಲ ಕರೆಕರೆದು ಹೇಳಿದ್ದೆ: ಒಂದೇ ಊರು, ಒಂದೇ ಮಾತು, ಒಬ್ಬನೂ ಓಡಿಹೋಗುವುದಿಲ್ಲ. ಆ ಬೇಸಿಗೆ ನನ್ನ ದೋಸೆಯವನಿಗೂ ದೊಡ್ಡ ಅಡುಗೆಯವನ ತಂಗಿಗೂ ಮದುವೆ ಗೊತ್ತಾಯಿತು. ಉಳಿದವರಲ್ಲಿ ಒಬ್ಬ ಭಾವ, ಒಬ್ಬ ಸೋದರಮಾವ, ಇಬ್ಬರು ದಾಯಾದಿಗಳು. ಒಬ್ಬನೂ ಓಡಿಹೋಗಲಿಲ್ಲ ನಿಜ. ಎಲ್ಲರೂ ಹೇಳಿಯೇ ಒಟ್ಟಿಗೆ ಬಸ್ಸು ಹತ್ತಿದರು. ಕಾವಲಿಯ ಮುಂದೆ ನಾನೇ ನಿಂತೆ. ನನ್ನ ದೋಸೆ ಕಾವಲಿಯನ್ನು ಬಿಟ್ಟುಬರಲು ಒಪ್ಪಲಿಲ್ಲ. ಕೆರೆದು ಕೊಟ್ಟದ್ದನ್ನು ಮಾಸ್ತರರು ತಿಂದರು.

“ಈಗ ತಿಳೀತೇನ್ರಿ? ಒಬ್ಬನ್ನ ಎಳಕೊಂಡು ಹೋಗೂದು ಎಲ್ಲಾರ್ನೂ ಎಳಕೊಂಡು ಹೋತು. ನಿಮಗ ಬಂದದ್ದು ಮದುವಿ, ಪುಣ್ಯಾ. ನನ್ನ ಚಿಗರಿಗೆ ರೋಗ ಬಂದ್ರ, ತಡಕೊಳ್ಳೂ ರಕ್ತ ಒಂದರಾಗೂ ಇರಂಗಿಲ್ಲ.”

ಪರಿಹಾರ ಒಂದೇ ಇತ್ತು. ಗುಡ್ಡದಾಚೆ ಇನ್ನೊಂದು ಹಿಂಡು. ಅಲ್ಲಿಯ ಗಂಡು ಈಚೆ ಬರಬೇಕು. ನಡುವಿನ ಹೊಲ ನನಗೆ ಈರುಳ್ಳಿ ಕೊಡುವ ಪಾಟೀಲನದು. ಅವನು ದ್ರಾಕ್ಷಿ ಹಾಕಿ ಗುಡ್ಡದ ಬುಡದವರೆಗೆ ಮುಳ್ಳುತಂತಿ ಬಿಗಿಯುವವನಿದ್ದ. “ಮಾತು ನನಗೆ ಬಿಡಿ” ಎಂದೆ. ಚೌಕಾಶಿಯಲ್ಲಿ ನನಗೆ ಹೆಸರಿತ್ತು. ಮೊದಲು ಸಣ್ಣದು ಕೇಳಬೇಕು, ಬೇಗ ಕುದುರುತ್ತದೆ. ಎರಡು ಬೇಲಿಗಳ ನಡುವೆ ಒಂದು ಎತ್ತಿನ ಗಾಡಿ ಹಿಡಿಯುವಷ್ಟು ದಾರಿಗೆ ಒಪ್ಪಿಸಿ, ಎದೆಯುಬ್ಬಿಸಿ ಬಂದೆ.

ಮಾಸ್ತರರು ಹಣೆಗೆ ಕೈ ಹಚ್ಚಿದರು. “ಚಿಗರಿ ಏನು ಗಾಡಿ ಹೂಡಿಕೊಂಡು ಬರ್ತಾವೇನ್ರಿ? ಎರಡೂ ಕಡೆ ತಂತಿ ಕಂಡ್ರ ಅದು ಹೆಜ್ಜಿ ಇಡಂಗಿಲ್ಲ. ಅದಕ್ಕ ಬಯಲ ಬೇಕು, ಬಯಲ!”

ಮತ್ತೆ ಹೋದೆ. ತಿರುಗಿ ಬಂದ ಗಿರಾಕಿಯನ್ನು ಹೇಗೆ ಹಿಂಡಬೇಕೆಂದು ಪಾಟೀಲನಿಗೆ ವರ್ಷಗಟ್ಟಲೆ ಕಲಿಸಿದವನು ನಾನೇ. ಮರಾಠಿಯಲ್ಲಿ ನಿಧಾನವಾಗಿ ಹೇಳಿದ: “ಅಣ್ಣಾ, ಗುಡ್ಡದ ಕಡೆಯ ಹೊಲ ಪೂರಾ ಬಿಡ್ತೇನೆ. ನನ್ನ ಅಳಿಯ ಮನೆಯಲ್ಲಿ ಸುಮ್ಮನೆ ಕೂತು ತಿಂತಾನೆ. ನಿನ್ನ ಅಡುಗೆಮನೆಗೆ ಕರ್ಕೊಂಡು ಹೋಗು.”

ಕರೆದುಕೊಂಡು ಬಂದೆ. ಮಾಸ್ತರರು ಕೆಮ್ಮು ಬರುವ ತನಕ ನಕ್ಕರು. “ಚಿಗರಿಗಿಂತ ಮೊದಲ ನಿಮ್ಮ ಹಿಂಡಿಗೇ ಹೊರಗಿನ ಗಂಡು ಬಂತಲ್ರಿ!” ಆ ಅಳಿಯನ ಮಿಸಳ್ ನನ್ನ ದೋಸೆಗಿಂತ ಹೆಚ್ಚು ಓಡತೊಡಗಿತು. ಕೇಳಿದವರಿಗೆ ಅದು ನನ್ನದೇ ಯೋಚನೆ ಎಂದು ಈಗಲೂ ಹೇಳುತ್ತೇನೆ.

ಆದರೆ ಬಿಟ್ಟ ಹೊಲಕ್ಕೆ ಚಿಗರಿ ಬರಲಿಲ್ಲ. ಒಂದು ಮಳೆಗಾಲ ಕಳೆಯಿತು, ಇನ್ನೊಂದೂ ಕಳೆಯಿತು. ಮಾಸ್ತರರಿಗೆ ನಿವೃತ್ತಿಯಾಯಿತು. ಸಾಮಾನು ಧಾರವಾಡಕ್ಕೆ ಕಳಿಸಿದ ಮೇಲೆ, ಕೊನೆಗೊಮ್ಮೆ ನೋಡೋಣವೆಂದು ನನ್ನನ್ನೂ ಬಯಲಿಗೆ ಎಳೆದೊಯ್ದರು. ರಸ್ತೆಯ ಬದಿಗೇ ಕೂತೆವು. ಹೊತ್ತೇರುವಾಗ ಗುಡ್ಡದ ಓರೆಯಲ್ಲಿ ಒಂದು ಕಪ್ಪು ಗಂಡು ನಿಂತಿತ್ತು. ಮಾಸ್ತರರು ನನ್ನ ಮೊಣಕೈ ಹಿಡಿದರು. “ಕೊಂಬು ಎಷ್ಟು ಅಗಲ ನೋಡ್ರಿ. ಇದು ನಮ್ಮದಲ್ಲ… ಇದು ನಮ್ಮದಲ್ಲರಿ!”

ಅಷ್ಟರಲ್ಲಿ ನಾಸಿಕದ ಬಸ್ಸು ಬಂತು. ಊಟದ ಹೊತ್ತಿಗೆ ನಾನು ಗಲ್ಲಾದಲ್ಲಿರಬೇಕು, ಹತ್ತಿದೆ. ಅವರು ಏಳಲಿಲ್ಲ. ಅದೇ ಕೊನೆಯ ಭೇಟಿ. ಧಾರವಾಡಕ್ಕೆ ಹೋದ ಮರುವರ್ಷ ತೀರಿಕೊಂಡರೆಂದು ಮಗಳು ಹೇಳಿದಳು. ಆ ದಿನವಾದರೂ ಸುಮ್ಮನೆ ಇರಬಹುದಿತ್ತು ನಾನು. ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದೆ:

“ಮಾಸ್ತರ್ರೇ, ನೆರಳಲ್ಲಿ ಕೂತ್ಕೊಳ್ಳಿ! ಬಿಸಿಲು ತಲೆಗೇರ್ತದೆ!”

ಅವರು ತಿರುಗಿ ನೋಡಲಿಲ್ಲ. ಬಾಯಿ ಮುಚ್ಚಿಕೊಂಡಿರು ಎಂಬಂತೆ ಒಂದು ಕೈಯನ್ನಷ್ಟೇ ನನ್ನತ್ತ ಎತ್ತಿದರು. ಬಸ್ಸು ತಿರುವು ದಾಟುವಾಗ ಆ ಗಂಡು ಪಾಟೀಲನ ಹೊಲದ ನಡುವೆ ಬಂದಿತ್ತು. ಮಾಸ್ತರರ ಕೈ ಇನ್ನೂ ಇಳಿದಿರಲಿಲ್ಲ.